ಕಾನೂನು ಶಾಲೆಯ ವಿದ್ಯಾರ್ಥಿ ಸಂಘಗಳು

ಕಳೆದ ವರ್ಷ ನಮ್ಮ ಶಾಲೆಯ ವಾರ್ಷಿಕೋತ್ಸವ ಮುಗಿದು, ಅಂಗಳದ ಕುರ್ಚಿಗಳನ್ನು ಒಳಕ್ಕೆ ಸಾಗಿಸುತ್ತಿದ್ದ ಹೊತ್ತಿನಲ್ಲಿ, ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ತಂದೆಯವರು ನಮ್ಮನ್ನು ಕಂಡು ಮಾತನಾಡಿದರು. ಅವರ ಮಗಳು ದೂರದ ಊರಿನಲ್ಲಿ ಕಾನೂನು ವ್ಯಾಸಂಗಕ್ಕೆ ಸೇರಿ ಆಗ ಒಂದು ವರ್ಷವಾಗಿದ್ದಿತು. “ಟೀಚರಮ್ಮ, ನಮ್ಮ ಹುಡುಗಿ ಓದುವುದಕ್ಕೆ ಹೋದಳೋ ಸಂಘ ಕಟ್ಟುವುದಕ್ಕೆ ಹೋದಳೋ ನನಗೆ ತಿಳಿಯದಾಗಿದೆ. ಯಾವಾಗ ಮಾತನಾಡಿಸಿದರೂ, ಇಂದು ಆ ಸಂಘದ ಸಭೆ, ನಾಳೆ ಈ ಸಂಘದ ಸ್ಪರ್ಧೆ ಎನ್ನುತ್ತಾಳೆ. ನೀವಾದರೂ ಅವಳಿಗೆ ಒಂದು ಬುದ್ಧಿಮಾತು ಹೇಳಬೇಕು” ಎಂದರು. ಹೇಳುತ್ತೇವೆಂದು ನಾವು ಒಪ್ಪಿಕೊಂಡೆವು. ಆದರೆ ಹೇಳುವುದಕ್ಕೆ ಮುಂಚೆ ವಿಷಯವನ್ನು ವಿಚಾರಿಸಿ ನೋಡುವುದು ನ್ಯಾಯವೆಂದು ತೋರಿ ವಿಚಾರಿಸತೊಡಗಿದೆವು. ವಿಚಾರಿಸಿದ ಮೇಲೆ ಆ ಬುದ್ಧಿಮಾತು ನಮ್ಮ ಬಾಯಿಂದ ಹೊರಡದೆ ಹೋಯಿತು. ಅದಕ್ಕೆ ಕಾರಣವೇನೆಂಬುದನ್ನು ಈ ಸಂಚಿಕೆಯ ಮೂಲಕ ಅವರಿಗೂ, ಅವರಂತೆಯೇ ಚಿಂತಿಸುತ್ತಿರುವ ಇತರ ತಂದೆತಾಯಿಗಳಿಗೂ ನಿವೇದಿಸಿಕೊಳ್ಳುತ್ತೇವೆ.

ವೈದ್ಯವಿದ್ಯೆ ಕಲಿಯುವವಳಿಗೆ ಆಸ್ಪತ್ರೆಯುಂಟು. ಅಲ್ಲಿ ರೋಗಿಯ ನಾಡಿಯನ್ನು ತಾನೇ ಹಿಡಿದು ನೋಡುತ್ತಾಳೆ. ಉಪಾಧ್ಯಾಯಿನಿಯಾಗತಕ್ಕವಳಿಗೆ ಅಭ್ಯಾಸ ಪಾಠಗಳುಂಟು. ಕಾನೂನು ಕಲಿಯುವವಳಿಗೆ ತರಗತಿಯಲ್ಲಿ ದೊರೆಯುವುದು ಬಹುಮಟ್ಟಿಗೆ ಗ್ರಂಥ ಮಾತ್ರ. ಅದರಲ್ಲಿಯೂ ಆಕೆ ಓದುವ ತೀರ್ಪುಗಳೆಲ್ಲ ಮುಗಿದುಹೋದ ಜಗಳಗಳು. ಯಾರು ಗೆದ್ದರು, ಯಾರು ಸೋತರು, ಏತಕ್ಕೆ ಎಂಬುದೆಲ್ಲ ಮೊದಲೇ ಅಚ್ಚಾಗಿರುತ್ತದೆ. ವಕೀಲಳ ಕೆಲಸವಾದರೋ ಮುಗಿಯದ ಜಗಳದಲ್ಲಿರುವುದು. ಎದುರಾಳಿಯ ಮುಂದೆ ನಿಂತು ಮಾತನಾಡುವುದು, ಒಂದಕ್ಷರವೂ ತಪ್ಪದಂತೆ ಬರೆಯುವುದು, ಕಷ್ಟದಲ್ಲಿರುವ ಕಕ್ಷಿಗಾರನ ಮಾತನ್ನು ತಾಳ್ಮೆಯಿಂದ ಕೇಳುವುದು, ಈ ಮೂರನ್ನೂ ಗ್ರಂಥದಿಂದ ಕಲಿಯಲಾಗದು. ಇವನ್ನು ಕಲಿಸುವ ಭಾರವನ್ನು ಕಾನೂನು ಶಾಲೆಗಳಲ್ಲಿ ಬಹುಕಾಲದಿಂದ ಹೊತ್ತುಕೊಂಡು ಬಂದಿರುವವರು ಪ್ರಾಧ್ಯಾಪಕರಿಗಿಂತ ಹೆಚ್ಚಾಗಿ ವಿದ್ಯಾರ್ಥಿಗಳೇ ಎಂಬುದು ನಮಗೆ ಹೊಸ ಸಂಗತಿಯಾಗಿತ್ತು.

ನಿದರ್ಶನಕ್ಕಾಗಿ ಅಮೆರಿಕಾ ದೇಶದ ಮಸಾಚುಸೆಟ್ಸ್ ಪ್ರಾಂತದ ಕೇಂಬ್ರಿಜ್ ಪಟ್ಟಣದಲ್ಲಿರುವ ಹಾರ್ವರ್ಡ್ ಕಾನೂನು ಶಾಲೆಯನ್ನು ತೆಗೆದುಕೊಳ್ಳುತ್ತೇವೆ. ಅಷ್ಟು ದೂರವೇಕೆಂದು ಕೇಳಬಹುದು. ಇಂತಹ ಸಂಘಗಳ ಮಾದರಿ ಬಹುಮಟ್ಟಿಗೆ ಹೊರಟದ್ದು ಅಲ್ಲಿಂದ. ನಮ್ಮ ಬೆಂಗಳೂರಿನ ಕಾನೂನು ಶಾಲೆಯನ್ನು ಕಟ್ಟುವಾಗಲೂ ಆ ಹೆಸರು ಜನರ ಬಾಯಲ್ಲಿ ಓಡಾಡುತ್ತಿತ್ತು. ಇನ್ನೊಂದು ಕಾರಣವನ್ನು ಮುಂದೆ ಹೇಳುತ್ತೇವೆ.

ಈ ಶಾಲೆ ಸ್ಥಾಪನೆಯಾದದ್ದು 1817ರಲ್ಲಿ. ಒಂದು ಪದವಿಯನ್ನು ಮುಗಿಸಿದ ಮೇಲೆ ಅಲ್ಲಿ ಮೂರು ವರ್ಷ ಓದಬೇಕು. 1870ರಲ್ಲಿ ಶಾಲೆಯ ಮುಖ್ಯಸ್ಥನಾದ ಕ್ರಿಸ್ಟೊಫರ್ ಕೊಲಂಬಸ್ ಲ್ಯಾಂಗ್ಡೆಲ್ ಎಂಬ ಪಂಡಿತನು ಉಪನ್ಯಾಸವನ್ನು ಬರೆದುಕೊಳ್ಳುವ ಹಳೆಯ ಪದ್ಧತಿಯನ್ನು ಬಿಡಿಸಿ, ತೀರ್ಪುಗಳನ್ನೇ ಓದಿಸಿ, ಹೆಸರು ಹಿಡಿದು ಕರೆದು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುವ ಪದ್ಧತಿಯನ್ನು ತಂದನು. ಅದರ ಗುಣದೋಷಗಳ ವಿಚಾರ ಇಲ್ಲಿ ಬೇಡ. ಆದರೆ ಆ ಪದ್ಧತಿಯಲ್ಲಿ ಪಾಠದ ದಿನ ಹೆಸರು ಬಂದವನಿಗೆ ಮಾತ್ರ ಬಾಯಿ, ಉಳಿದವರಿಗೆ ಕಿವಿ. ಮಾತಿನ ಅಭ್ಯಾಸಕ್ಕೆ ವಿದ್ಯಾರ್ಥಿಗಳು ಬೇರೆ ದಾರಿಯನ್ನು ಹುಡುಕಿಕೊಳ್ಳಬೇಕಾಯಿತು.

ಆ ದಾರಿಯೇ ಅಣಕು ನ್ಯಾಯಾಲಯ. ಮೂಟ್ ಕೋರ್ಟು ಎಂದು ಕರೆಯುವುದು ಇದನ್ನೇ. ಕಲ್ಪಿತವಾದ ಒಂದು ವ್ಯಾಜ್ಯವನ್ನು ಕೊಟ್ಟು, ಎರಡು ಪಂಗಡಗಳು ಎರಡು ಪಕ್ಷಗಳನ್ನು ಹಿಡಿದು ವಾದಿಸುತ್ತವೆ. ಹಾರ್ವರ್ಡಿನಲ್ಲಿ ಜೇಮ್ಸ್ ಬಾರ್ ಏಮ್ಸ್ ಎಂಬ ಹಿಂದಿನ ಮುಖ್ಯಸ್ಥನ ಹೆಸರಿನ ಸ್ಪರ್ಧೆ 1911ರಿಂದ ನಡೆದುಬಂದಿದೆ. ಕೊನೆಯ ಸುತ್ತುಗಳಲ್ಲಿ ಒಂದೊಂದು ಪಂಗಡಕ್ಕೆ ಆರು ಜನ. ನಿಂತು ಮಾತನಾಡುವವರು ಇಬ್ಬರೇ. ಉಳಿದ ನಾಲ್ವರು ಹಳೆಯ ತೀರ್ಪುಗಳನ್ನು ಶೋಧಿಸುತ್ತಾರೆ, ಲಿಖಿತ ವಾದವನ್ನು ಸಿದ್ಧಪಡಿಸುತ್ತಾರೆ, ಮಾತನಾಡತಕ್ಕವರನ್ನು ರಾತ್ರಿಯೆಲ್ಲ ಪ್ರಶ್ನೆಗಳಿಂದ ಕಾಡಿ ಹದಗೊಳಿಸುತ್ತಾರೆ. ಅಂತಿಮ ಸುತ್ತು 1884ರಲ್ಲಿ ಪೂರೈಸಿದ ಆಸ್ಟಿನ್ ಭವನದೊಳಗಿನ ನ್ಯಾಯಾಲಯ ಸಭಾಂಗಣದಲ್ಲಿ ನಡೆಯುತ್ತದೆ. ಆ ದೇಶದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳೊಬ್ಬರು ಬಂದು ಪೀಠದ ಮಧ್ಯದಲ್ಲಿ ಕುಳಿತುಕೊಳ್ಳುವುದು ವಾಡಿಕೆ.

ಇದು ನಮ್ಮ ಶಾಲೆಯ ವಾಗ್ಸ್ಪರ್ಧೆಯಂತಲ್ಲ. ನಮ್ಮಲ್ಲಿ ಹುಡುಗಿ ಕಂಠಪಾಠ ಮಾಡಿದ ಐದು ನಿಮಿಷದ ಭಾಷಣವನ್ನು ಒಪ್ಪಿಸಿ, ಚಪ್ಪಾಳೆ ಪಡೆದು, ಕೆಳಗಿಳಿಯುತ್ತಾಳೆ. ಅಲ್ಲಿ ಮೊದಲನೆಯ ವಾಕ್ಯ ಮುಗಿಯುವುದರೊಳಗೆ ಪೀಠದಿಂದ ಪ್ರಶ್ನೆ ಬಂದು ಬೀಳುತ್ತದೆ. ಕಂಠಪಾಠ ಮಾಡಿದ್ದೆಲ್ಲ ಆ ಕ್ಷಣದಲ್ಲಿ ನಿರರ್ಥಕ. ಪ್ರಶ್ನೆಗೆ ಉತ್ತರ ಕೊಟ್ಟು ತನ್ನ ದಾರಿಗೆ ತಾನೇ ಮರಳಿ ಬರಬೇಕು. ಅದಕ್ಕಿಂತಲೂ ಕಠಿನವಾದದ್ದೆಂದರೆ, ಯಾವ ಪಕ್ಷವನ್ನು ವಾದಿಸಬೇಕೆಂಬುದು ತನ್ನ ಕೈಯಲ್ಲಿಲ್ಲ. ತನಗೆ ತಪ್ಪೆಂದು ತೋರಿದ ಪಕ್ಷದ ಪರವಾಗಿ ಹೇಳಬಹುದಾದದ್ದನ್ನೆಲ್ಲ ಪ್ರಾಮಾಣಿಕವಾಗಿ ಹುಡುಕಬೇಕಾಗಿ ಬರುತ್ತದೆ. ಇದು ಸುಳ್ಳು ಹೇಳುವ ಅಭ್ಯಾಸವಲ್ಲವೇ ಎಂದು ನಮ್ಮ ಸಹೋದ್ಯೋಗಿಯೊಬ್ಬರು ಕೇಳಿದರು. ನಮಗೆ ಹಾಗೆ ತೋರುವುದಿಲ್ಲ. ಎದುರು ಪಕ್ಷದವನೂ ಮನುಷ್ಯನೇ, ಅವನಿಗೂ ಒಂದು ಹೇಳಿಕೆಯುಂಟು ಎಂಬುದನ್ನು ಇಷ್ಟು ಚೆನ್ನಾಗಿ ಮನದಟ್ಟು ಮಾಡುವ ಬೇರೆ ಪಾಠವನ್ನು ನಾವು ಕಾಣೆವು.

ಎರಡನೆಯದು ಹಾರ್ವರ್ಡ್ ಲಾ ರಿವ್ಯೂ ಎಂಬ ಪತ್ರಿಕೆಯ ಸಂಪಾದಕ ಮಂಡಲಿ. 1887ರಲ್ಲಿ ಹೊರಟ ಈ ಪತ್ರಿಕೆ ನವೆಂಬರಿನಿಂದ ಜೂನಿನವರೆಗೆ ತಿಂಗಳಿಗೊಂದರಂತೆ ವರ್ಷಕ್ಕೆ ಎಂಟು ಸಂಚಿಕೆಯಾಗಿ ಬರುತ್ತದೆ. ಇದರ ವಿಚಿತ್ರವೇನೆಂದರೆ, ಬರೆಯುವವರು ದೊಡ್ಡ ಪ್ರಾಧ್ಯಾಪಕರು, ನ್ಯಾಯಾಧೀಶರು. ಆ ಲೇಖನಗಳನ್ನು ಆರಿಸುವವರು, ತಿದ್ದುವವರು, ಬೇಡವೆಂದು ಹಿಂದಿರುಗಿಸುವವರು ವಿದ್ಯಾರ್ಥಿಗಳು. ಶಿಷ್ಯನು ಗುರುವಿನ ಬರಹಕ್ಕೆ ಕೆಂಪು ಗೀಟು ಹಾಕುವ ಈ ಏರ್ಪಾಡನ್ನು ಕೇಳಿ ನಾವು ಮೊದಲು ನಂಬಲಿಲ್ಲ. ಪ್ರತಿಯೊಂದು ಅಡಿಟಿಪ್ಪಣಿಯನ್ನೂ ಮೂಲಗ್ರಂಥದೊಡನೆ ಹೋಲಿಸಿ ನೋಡುವುದು ಅವರ ಕರ್ತವ್ಯ. ಪುಟದ ಸಂಖ್ಯೆಯೊಂದು ತಪ್ಪಿದ್ದರೂ ಗ್ರಂಥಭಂಡಾರಕ್ಕೆ ಹೋಗಿ ಆ ಪುಸ್ತಕವನ್ನು ತೆರೆದು ಸರಿಪಡಿಸಬೇಕು. ಸಂಪಾದಕರ ಆಯ್ಕೆಗೆ ಮೊದಲನೆಯ ವರ್ಷದ ಕೊನೆಯಲ್ಲಿ ಬರವಣಿಗೆಯ ಸ್ಪರ್ಧೆಯಿರುತ್ತದೆ. ಬರೆದವರ ಹೆಸರನ್ನು ಮರೆಮಾಡಿ ಅಂಕ ಹಾಕುತ್ತಾರೆ. ಇಲ್ಲಿ ಸ್ಥಾನ ದೊರೆತವರಿಗೆ ಮುಂದೆ ದೊಡ್ಡ ನ್ಯಾಯಾಧೀಶರ ಬಳಿ ಗುಮಾಸ್ತಿಕೆ, ದೊಡ್ಡ ಕಚೇರಿಗಳಲ್ಲಿ ಉದ್ಯೋಗ, ಕಾಲೇಜುಗಳಲ್ಲಿ ಅಧ್ಯಾಪಕ ಪದವಿ ಇವೆಲ್ಲ ಸುಲಭವಾಗಿ ತೆರೆಯುತ್ತವೆ. 1921ರಲ್ಲಿ ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್ ಎಂಬ ಕರಿಯ ಜನಾಂಗದ ಯುವಕನು ಈ ಮಂಡಲಿಗೆ ಆರಿಸಿಬಂದನು. ಆ ಜನಾಂಗದವರಲ್ಲಿ ಮೊದಲಿಗನು ಅವನೇ. ಅವನೇ ಮುಂದೆ ಹಾವರ್ಡ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕನಾಗಿ, ವರ್ಣಭೇದದ ಕಟ್ಟಳೆಗಳನ್ನು ನ್ಯಾಯಾಲಯದಲ್ಲಿ ಮುರಿದ ವಕೀಲರ ಒಂದು ತಲೆಮಾರನ್ನೇ ತಯಾರುಮಾಡಿದನು. ಥರ್ಗುಡ್ ಮಾರ್ಷಲ್ ಅವನ ಶಿಷ್ಯ.

ಮೂರನೆಯದಾದ ಲೀಗಲ್ ಏಯ್ಡ್ ಬ್ಯೂರೋ ನಮ್ಮ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದದ್ದು. ಬಡವರಿಗೆ ಹಣವಿಲ್ಲದೆ ಕಾನೂನಿನ ಸಹಾಯ ಮಾಡುವುದಕ್ಕೆ 1913ರಲ್ಲಿ ವಿದ್ಯಾರ್ಥಿಗಳೇ ಕಟ್ಟಿ, ಇಂದಿಗೂ ತಾವೇ ನಡೆಸಿಕೊಂಡು ಬರುತ್ತಿರುವ ಕಚೇರಿಯಿದು. ಸೇರಿದವರು ಎರಡು ವರ್ಷ ಬಿಡುವಂತಿಲ್ಲ. ವಾರಕ್ಕೆ 20 ಗಂಟೆಗಳಿಗೆ ಕಡಮೆಯಿಲ್ಲದೆ ದುಡಿಯಬೇಕು. ಅನುಭವಿಗಳಾದ ವಕೀಲರ ಮೇಲ್ವಿಚಾರಣೆಯಲ್ಲಿ ಅವರು ನಿಜವಾದ ನ್ಯಾಯಾಲಯದಲ್ಲಿ ನಿಜವಾದ ಕಕ್ಷಿಗಾರರ ಪರವಾಗಿ ನಿಲ್ಲುತ್ತಾರೆ. ಬಾಡಿಗೆಯ ಮನೆ ಬಿಡಿಸುವ ವ್ಯಾಜ್ಯಗಳು, ಕೂಲಿ ಕೊಡದ ಧಣಿಗಳ ಮೇಲಿನ ದಾವೆಗಳು, ಗಂಡನಿಂದ ಪೀಡೆಗೊಳಗಾದ ಹೆಂಗಸರ ಅಹವಾಲುಗಳು ಇವೇ ಹೆಚ್ಚು. 2008ರ ಸುಮಾರಿನಲ್ಲಿ ಆ ದೇಶದ ಗೃಹಸಾಲದ ವ್ಯವಸ್ಥೆ ಕುಸಿದುಬಿದ್ದು, ಬ್ಯಾಂಕುಗಳು ಸಾಲಿಗರ ಮನೆಗಳನ್ನು ವಶಪಡಿಸಿಕೊಳ್ಳತೊಡಗಿದವು. ಆಗ ಈ ವಿದ್ಯಾರ್ಥಿಗಳು ಶನಿವಾರ ಶನಿವಾರ ಬಾಸ್ಟನ್ನಿನ ಬೀದಿಗಳಲ್ಲಿ ಮನೆಮನೆಯ ಬಾಗಿಲು ತಟ್ಟಿ, “ಬ್ಯಾಂಕಿನವರು ಹೇಳಿದೊಡನೆ ನೀವು ಹೊರಡಬೇಕಾಗಿಲ್ಲ, ನ್ಯಾಯಾಲಯದ ಆಜ್ಞೆಯಿಲ್ಲದೆ ನಿಮ್ಮನ್ನು ಯಾರೂ ಹೊರಡಿಸಲಾರರು” ಎಂದು ತಿಳಿಸುತ್ತ ನಡೆದರು. ಗಂಟುಮೂಟೆ ಕಟ್ಟುತ್ತಿದ್ದ ಸಂಸಾರಕ್ಕೆ ಇದೊಂದು ಮಾತು ಎಷ್ಟು ದೊಡ್ಡದೆಂಬುದನ್ನು ಬಾಡಿಗೆಯ ಮನೆಯಲ್ಲಿ ಬಾಳಿದವರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ ಅಧ್ಯಕ್ಷ ಒಬಾಮರ ಪತ್ನಿಯಾಗಿ ಲೋಕಪ್ರಸಿದ್ಧಳಾದ ಮಿಷೆಲ್ ಕೂಡ, 1988ರಲ್ಲಿ ಪದವಿ ಪಡೆಯುವುದಕ್ಕೆ ಮುಂಚೆ, ಈ ಕಚೇರಿಯಲ್ಲಿ ದುಡಿದವಳು.

ಉಳಿದ ಸಂಘಗಳು ಲೆಕ್ಕವಿಲ್ಲದಷ್ಟು. ಆಯಾ ಮತದವರ ಪ್ರಾರ್ಥನಾ ಕೂಟಗಳು, ಸಂಗೀತ ಮಂಡಲಿ, 1946ರಿಂದ ನಡೆಯುವ ವಿದ್ಯಾರ್ಥಿಗಳ ವೃತ್ತಪತ್ರಿಕೆ, ಗುರುಗಳನ್ನೇ ಗೇಲಿಮಾಡುವ ವಾರ್ಷಿಕ ಹಾಡುನಾಟಕ ಮುಂತಾದವು. ಇವು ಎಲ್ಲ ಕಾಲೇಜುಗಳಲ್ಲಿಯೂ ಇರತಕ್ಕವೇ.

ಇನ್ನು, ಹಾರ್ವರ್ಡನ್ನೇ ಆರಿಸಿಕೊಂಡ ಎರಡನೆಯ ಕಾರಣಕ್ಕೆ ಬರೋಣ. ಇಷ್ಟೆಲ್ಲ ಏರ್ಪಾಡುಗಳಿದ್ದ ಆ ಶಾಲೆಯಲ್ಲಿ 1950ರವರೆಗೆ ಒಬ್ಬ ಹುಡುಗಿಗೂ ಪ್ರವೇಶವಿರಲಿಲ್ಲ. ಹತ್ತೊಂಬತ್ತನೆಯ ಶತಮಾನದಿಂದಲೂ ಅರ್ಜಿಗಳು ಬರುತ್ತಿದ್ದವು, ನಿರಾಕರಣೆಯೂ ಹೋಗುತ್ತಿತ್ತು. ವಿನೋದವೆಂದರೆ, 1947ರಲ್ಲಿ ಸೋಯಾ ಮೆನ್‌ಶಿಕಾಫ್ ಎಂಬ ವಿದುಷಿಯನ್ನು ಅತಿಥಿ ಪ್ರಾಧ್ಯಾಪಕಳಾಗಿ ಕರೆಸಿ ಪಾಠ ಹೇಳಿಸಿದರು. ಸ್ತ್ರೀಯು ಪಾಠ ಹೇಳಬಹುದು, ಕೇಳಬಾರದು! 1949ರಲ್ಲಿ ಆಡಳಿತದವರು ಮನಸ್ಸು ಬದಲಾಯಿಸಿ, 1950ರ ಶರತ್ಕಾಲದಲ್ಲಿ ಸ್ತ್ರೀಯರನ್ನು ಸೇರಿಸಿಕೊಂಡರು. ಆ ವರ್ಷ 14 ಜನ ಸೇರಿದರು. ಮೊದಲ ತಂಡ ಪದವಿ ಪಡೆದು ಹೊರಬಂದದ್ದು 1953ರಲ್ಲಿ.

ಹೆಬ್ಬಾಗಿಲು ತೆರೆಯಿತು; ಆದರೆ ಒಳಗಿನ ಬಾಗಿಲುಗಳು? ಒಬ್ಬ ಪ್ರಾಧ್ಯಾಪಕನು ವರ್ಷವೆಲ್ಲ ಹುಡುಗಿಯರನ್ನು ಒಂದು ಪ್ರಶ್ನೆಯನ್ನೂ ಕೇಳದೆ, ‘ಮಹಿಳೆಯರ ದಿನ’ವೆಂದು ಒಂದು ದಿನವನ್ನು ಗೊತ್ತುಮಾಡಿ, ಅಂದು ಮಾತ್ರ ಅವರನ್ನು ಎದುರಿಗೆ ಕೂರಿಸಿ, ಉಳಿದವರೆಲ್ಲ ನಗುವಂತೆ ಪ್ರಶ್ನೆ ಹಾಕುತ್ತಿದ್ದನು. 1956ರಲ್ಲಿ ರೂತ್ ಬೇಡರ್ ಗಿನ್ಸ್‌ಬರ್ಗ್ ಎಂಬವಳು ಅಲ್ಲಿ ಸೇರಿದಳು. ಆಗ ಅವಳಿಗೆ ಒಂದು ವರ್ಷದ ಹೆಣ್ಣು ಮಗುವಿತ್ತು. ತರಗತಿಯಲ್ಲಿ 500ಕ್ಕೂ ಮೇಲ್ಪಟ್ಟ ವಿದ್ಯಾರ್ಥಿಗಳು. ಹುಡುಗಿಯರು 9 ಮಂದಿ. ಶಾಲೆಯ ಮುಖ್ಯಸ್ಥರು ಈ ಒಂಬತ್ತು ಮಂದಿಯನ್ನು ತಮ್ಮ ಮನೆಗೆ ಊಟಕ್ಕೆ ಕರೆದು, ಊಟವಾದ ಮೇಲೆ ಒಬ್ಬೊಬ್ಬರನ್ನಾಗಿ, ಗಂಡಸಿಗೆ ಸಿಗಬಹುದಾಗಿದ್ದ ಸ್ಥಳವನ್ನು ನೀವು ಆಕ್ರಮಿಸಿಕೊಂಡದ್ದೇಕೆ ಎಂದು ಕೇಳಿದರು. ಅವರ ಉದ್ದೇಶ ಕೆಟ್ಟದ್ದಲ್ಲ, ಸಂಶಯಪಡುತ್ತಿದ್ದ ಅಧ್ಯಾಪಕರಿಗೆ ಹೇಳಲು ಉತ್ತರಗಳು ಬೇಕಾಗಿದ್ದವು ಎಂದು ಆಮೇಲೆ ತಿಳಿದುಬಂದಿತು. ಆದರೂ ಅನ್ನ ಹಾಕಿ ಕೇಳುವ ಪ್ರಶ್ನೆಯೇ ಅದು? ಪಾಠ ನಡೆಯುವ ಕಟ್ಟಡಗಳು ಎರಡು. ಹೆಂಗಸರಿಗೆ ಶೌಚಗೃಹವಿದ್ದದ್ದು ಒಂದರಲ್ಲಿ ಮಾತ್ರ. ಪರೀಕ್ಷೆಯ ಹೊತ್ತಿನಲ್ಲಿಯೂ ಓಡಬೇಕು.

ಇಷ್ಟರಲ್ಲಿಯೂ ಅವಳು ಲಾ ರಿವ್ಯೂ ಮಂಡಲಿಗೆ ಆರಿಸಿಬಂದಳು. ಒಂದು ರಾತ್ರಿ ಪತ್ರಿಕೆಯ ಕೆಲಸಕ್ಕಾಗಿ ಹಳೆಯ ನಿಯತಕಾಲಿಕವೊಂದನ್ನು ನೋಡಬೇಕಾಗಿ ಬಂದು, ವಿಶ್ವವಿದ್ಯಾನಿಲಯದ ಲ್ಯಾಮಾಂಟ್ ಗ್ರಂಥಾಲಯಕ್ಕೆ ಹೋದಳು. ಬಾಗಿಲ ಕಾವಲುಗಾರನು, ಹೆಂಗಸರು ಒಳಗೆ ಬರಕೂಡದೆಂದನು. ಹಾಗಾದರೆ ತಾನು ಹೊರಗೇ ನಿಂತಿರುತ್ತೇನೆ, ನೀನೇ ಪುಸ್ತಕವನ್ನು ಬಾಗಿಲಿಗೆ ತಂದು ತೋರಿಸು ಎಂದು ಬೇಡಿದಳು. ಅದಕ್ಕೂ ಅವನು ಒಪ್ಪಲಿಲ್ಲ. ಮುಂದೆ ಅದೇ ದೇಶದ ಸುಪ್ರೀಂ ಕೋರ್ಟಿನಲ್ಲಿ 1993ರಿಂದ 2020ರಲ್ಲಿ ತೀರಿಕೊಳ್ಳುವವರೆಗೆ ನ್ಯಾಯಮೂರ್ತಿಯಾಗಿದ್ದವಳು ಇವಳೇ. ಆ ಗ್ರಂಥಾಲಯ ಹೆಂಗಸರಿಗೆ ತೆರೆದದ್ದು 1967ರಲ್ಲಿ.

ಈ ಸಂಗತಿಯನ್ನು ಓದಿದಾಗಲೇ ನಾವು ಆ ತಂದೆಯವರಿಗೆ ಕೊಟ್ಟ ಮಾತನ್ನು ಮುರಿಯಲು ನಿಶ್ಚಯಿಸಿದ್ದು. ತರಗತಿಯಲ್ಲಿ ಅವಳಿಗೆ ಸ್ಥಳ ಸಿಕ್ಕಿತ್ತು, ಪರೀಕ್ಷೆಗೆ ಕುಳಿತುಕೊಳ್ಳುವ ಹಕ್ಕು ಸಿಕ್ಕಿತ್ತು. ಪಾಠ ಕೇಳಿ ಮನೆಗೆ ಹೋಗುವವಳಾಗಿದ್ದರೆ ಆ ಕಾವಲುಗಾರನ ಮುಖವನ್ನು ಅವಳು ನೋಡುತ್ತಲೇ ಇರಲಿಲ್ಲ. ಸಂಘದ ಕೆಲಸಕ್ಕೆ ಹೋದಾಗಲೇ ಮುಚ್ಚಿದ ಬಾಗಿಲು ಕಂಡದ್ದು. ಮುಚ್ಚಿದೆಯೆಂದು ಯಾರಾದರೂ ಕಾಣದ ಬಾಗಿಲು ತೆರೆಯುವ ಬಗೆಯೆಂತು?

ಲಾ ರಿವ್ಯೂಗೆ ಸ್ತ್ರೀಯೊಬ್ಬಳು ಅಧ್ಯಕ್ಷಳಾದದ್ದು 1976ರಲ್ಲಿ. ಸೂಸನ್ ಎಸ್ಟ್ರಿಚ್ ಎಂಬವಳು. ಪತ್ರಿಕೆ ಹುಟ್ಟಿ ಆಗ 89 ವರ್ಷಗಳಾಗಿದ್ದವು. 1990ರಲ್ಲಿ ಬರಾಕ್ ಒಬಾಮ ಕರಿಯ ಜನಾಂಗದ ಮೊದಲ ಅಧ್ಯಕ್ಷನಾದನು. ಆ ಜನಾಂಗದ ಸ್ತ್ರೀಯೊಬ್ಬಳು, ಇಮೆ‌ಇಮೆ ಉಮಾನ, ಆ ಸ್ಥಾನಕ್ಕೆ ಬರುವುದಕ್ಕೆ 2017ರವರೆಗೆ ಕಾಯಬೇಕಾಯಿತು. ಗಿನ್ಸ್‌ಬರ್ಗಳ ಮಗಳು ಜೇನ್ ದೊಡ್ಡವಳಾಗಿ ಅದೇ ಶಾಲೆಯಲ್ಲಿ ಓದಿ, 1980ರಲ್ಲಿ ಪದವಿ ಪಡೆಯುವ ಮೊದಲು ಅದೇ ಪತ್ರಿಕೆಯ ಸಂಪಾದಕಿಯಾಗಿದ್ದಳು. ತಾಯಿ ಓದಿದ ಬೆಂಚಿನಲ್ಲಿ ಮಗಳು ಕೂರುವುದನ್ನು ನಮ್ಮ ಶಾಲೆಯಲ್ಲಿ ಎಷ್ಟೋ ಸಲ ಕಂಡಿರುವ ನಮಗೆ ಇದು ಸಂತೋಷವನ್ನುಂಟುಮಾಡಿತು.

ಹೊರಗಿಟ್ಟವರು ತಮ್ಮದೇ ಸಂಘಗಳನ್ನು ಕಟ್ಟಿಕೊಂಡದ್ದೂ ಉಂಟು. ಕರಿಯ ವಿದ್ಯಾರ್ಥಿಗಳ ಸಂಘ 1967ರಲ್ಲಿ ಹುಟ್ಟಿತು. 1978ರಲ್ಲಿ ಹುಡುಗಿಯರು ಸ್ತ್ರೀಯರಿಗೆ ಸಂಬಂಧಿಸಿದ ಕಾನೂನಿನ ಪತ್ರಿಕೆಯೊಂದನ್ನು ಹೊರಡಿಸಿದರು. ಇಂತಹ ಸಂಘಗಳು ಶಾಲೆಯ ಮೇಲೆಯೇ ತಿರುಗಿಬೀಳುವುದಿಲ್ಲವೇ ಎಂದರೆ, ಬೀಳುತ್ತವೆ. ಹಾರ್ವರ್ಡಿನಲ್ಲಿ ಕಾನೂನಿನ ಮೊದಲ ಪ್ರಾಧ್ಯಾಪಕ ಪೀಠಕ್ಕೆ ಆಸ್ತಿ ಬಿಟ್ಟುಹೋದ ಐಸಾಕ್ ರಾಯಲ್ ಎಂಬ ಧನಿಕನ ಸಂಪತ್ತು ಆಂಟಿಗುವಾ ದ್ವೀಪದ ಕಬ್ಬಿನ ತೋಟಗಳಲ್ಲಿ ಗುಲಾಮರ ದುಡಿಮೆಯಿಂದ ಬಂದದ್ದು. ಆ ಮನೆತನದ ಲಾಂಛನವಾದ ಗೋಧಿಯ ಮೂರು ಕಟ್ಟುಗಳು ಶಾಲೆಯ ಮುದ್ರೆಯಲ್ಲಿದ್ದವು. 2015ರಲ್ಲಿ ವಿದ್ಯಾರ್ಥಿಗಳು ಇದನ್ನು ತೆಗೆಯಬೇಕೆಂದು ಹೋರಾಟ ಹೂಡಿದರು. ಪರವಾಗಿಯೂ ವಿರೋಧವಾಗಿಯೂ ಬಹಳ ಚರ್ಚೆ ನಡೆದು, 2016ರಲ್ಲಿ ಆಡಳಿತದವರು ಆ ಮುದ್ರೆಯನ್ನು ಕೈಬಿಟ್ಟರು. ಶಾಲೆಯನ್ನು ನಡೆಸುವವರಾದ ನಮಗೆ ಇಂತಹ ಸುದ್ದಿಯಿಂದ ಸ್ವಲ್ಪ ಕಳವಳವಾಗುವುದು ಸಹಜ. ಆದರೆ ವಾದ ಮಾಡುವುದನ್ನು ಕಲಿಸುವ ಶಾಲೆಯು ತನ್ನ ವಿಷಯದಲ್ಲಿ ಮಾತ್ರ ಮೌನವನ್ನು ಬಯಸುವುದು ಹೇಗೆ ಸಾಧ್ಯ?

ನಮ್ಮ ದೇಶದ ಮಾತಿಗೆ ಬಂದರೆ, ಮಿಷನ್ ಮನೆತನದಲ್ಲಿ ಹುಟ್ಟಿದ ಕೊರ್ನೀಲಿಯಾ ಸೊರಾಬ್ಜಿಯವರು 1889ರಲ್ಲಿ ಆಕ್ಸ್‌ಫರ್ಡಿಗೆ ಹೋಗಿ, 1892ರಲ್ಲಿ ಕಾನೂನಿನ ಉನ್ನತ ಪರೀಕ್ಷೆಗೆ ಕುಳಿತದ್ದನ್ನು ನಮ್ಮ ಹಿರಿಯ ವಿದ್ಯಾರ್ಥಿನಿಯರು ಬಲ್ಲರು. ಆ ವಿಶ್ವವಿದ್ಯಾನಿಲಯವು ಸ್ತ್ರೀಯರಿಗೆ ಪದವಿ ಕೊಡಲೊಪ್ಪಿದ್ದು 1920ರಲ್ಲಿ. ಭಾರತದಲ್ಲಿ ಸ್ತ್ರೀಯರು ವಕೀಲಿ ವೃತ್ತಿ ನಡೆಸಲು ಇದ್ದ ಅಡ್ಡಿ ಕಾಯಿದೆಯ ಮೂಲಕ ತೊಲಗಿದ್ದು 1923ರಲ್ಲಿ. ಬಹುಕಾಲ ನಮ್ಮ ಲಾ ಕಾಲೇಜುಗಳಲ್ಲಿ ಬೆಳಗ್ಗೆಯೋ ಸಂಜೆಯೋ ಕೆಲವು ಗಂಟೆ ಪಾಠ ನಡೆದು ಬಾಗಿಲು ಮುಚ್ಚುತ್ತಿದ್ದುದುಂಟು. ಸಂಘಗಳಿಗೆ ಹೊತ್ತೂ ಇರಲಿಲ್ಲ, ಸ್ಥಳವೂ ಇರಲಿಲ್ಲ. ಇದನ್ನು ಬದಲಿಸಿದ್ದು ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ. 1986ರ ಕರ್ನಾಟಕದ ಕಾಯಿದೆಯಂತೆ ಏರ್ಪಟ್ಟು, 1988ರಲ್ಲಿ ಪಾಠ ಆರಂಭಿಸಿದ ಈ ಶಾಲೆಯನ್ನು ಕಟ್ಟಿದವರು ಎನ್. ಆರ್. ಮಾಧವ ಮೆನನ್ ಅವರು. ಹನ್ನೆರಡನೆಯ ತರಗತಿ ಮುಗಿಸಿದವರಿಗೆ ಐದು ವರ್ಷದ ವ್ಯಾಸಂಗ, ಆವರಣದಲ್ಲಿಯೇ ವಾಸ. ನಾಗರಬಾವಿಯ ಆ ಆವರಣದಲ್ಲಿ ಸ್ಟೂಡೆಂಟ್ ಬಾರ್ ಅಸೋಸಿಯೇಷನ್ ಎಂಬ ಚುನಾಯಿತ ಸಂಘವೂ, ಅದರ ಜೊತೆಗೆ ಅಣಕು ನ್ಯಾಯಾಲಯ, ಕಾನೂನು ನೆರವು, ಚರ್ಚೆ, ಕ್ರೀಡೆ ಮೊದಲಾದವುಗಳಿಗೆ ಬೇರೆಬೇರೆ ವಿದ್ಯಾರ್ಥಿ ಸಮಿತಿಗಳೂ ಉಂಟು. ಅಂತರರಾಷ್ಟ್ರೀಯ ಕಾನೂನಿನ ಜೆಸಪ್ ಸ್ಪರ್ಧೆಯು ಅಣಕು ನ್ಯಾಯಾಲಯಗಳಲ್ಲೆಲ್ಲ ದೊಡ್ಡದೆನಿಸಿದ್ದು. ಅದನ್ನು ಈ ಶಾಲೆಯವರು 1999ರಲ್ಲಿಯೂ 2013ರಲ್ಲಿಯೂ ಗೆದ್ದರು.

ಸಂಘಗಳೆಲ್ಲ ಒಳ್ಳೆಯವೆಂದು ನಾವು ಹೇಳುತ್ತಿಲ್ಲ. ಸ್ಪರ್ಧೆಯ ಹುಚ್ಚು ಹತ್ತಿ ನಿದ್ದೆ ಊಟ ಬಿಟ್ಟವರುಂಟು. ಹೆಸರು ಹಾಕಿಸಿಕೊಳ್ಳುವುದಕ್ಕಾಗಿಯೇ ಆರು ಸಂಘ ಸೇರಿ ಒಂದರಲ್ಲಿಯೂ ದುಡಿಯದವರುಂಟು. ಕನ್ನಡದಲ್ಲಿ ಓದಿ ಹೋದ ಹುಡುಗಿಯರಿಗೆ ಇನ್ನೊಂದು ಕಷ್ಟ. ಈ ಸಂಘಗಳ ಮಾತೆಲ್ಲ ಇಂಗ್ಲಿಷಿನಲ್ಲಿ. ಮೊದಲ ವರ್ಷ ಹಿಂದಿನ ಸಾಲಿನಲ್ಲಿ ಕುಳಿತು ತಲೆತಗ್ಗಿಸಿಕೊಂಡಿದ್ದವರನ್ನು ನಾವು ಬಲ್ಲೆವು. ಆದರೆ ಕಾನೂನು ನೆರವಿನ ಶಿಬಿರಕ್ಕೆ ಹಳ್ಳಿಯ ಹೆಂಗಸೊಬ್ಬಳು ಬಂದು ಕಷ್ಟ ಹೇಳಿಕೊಳ್ಳುವಾಗ, ಅದೇ ಹುಡುಗಿ ಮುಂದಿನ ಸಾಲಿಗೆ ಬರುತ್ತಾಳೆ, ಇಂಗ್ಲಿಷಿನವರು ಹಿಂದೆ ಸರಿಯುತ್ತಾರೆ. ಮಗಳು ಯಾವ ಸಂಘಕ್ಕೆ ಸೇರಬೇಕೆಂದು ಕೇಳುವ ತಂದೆತಾಯಿಗಳಿಗೆ ನಾವು ಮೊದಲು ಹೇಳುವುದು ಇದನ್ನೇ.

ಆ ತಂದೆಯವರ ಮಗಳಿಂದ ಈಚೆಗೆ ನಮಗೊಂದು ಕಾಗದ ಬಂದಿತು. ಅವಳ ಕಾಲೇಜಿನ ಅಣಕು ನ್ಯಾಯಾಲಯದಲ್ಲಿ ಪೀಠದವರು ಮೂರನೆಯ ನಿಮಿಷದಲ್ಲಿ ಒಂದು ಪ್ರಶ್ನೆ ಕೇಳಿದರಂತೆ. ಅವಳಿಗೆ ಉತ್ತರ ತಿಳಿದಿರಲಿಲ್ಲ. ತಿಳಿಯದೆಂದೇ ಹೇಳಿ, ಉಳಿದ ವಾದವನ್ನು ಮುಗಿಸಿ ಕುಳಿತಳಂತೆ. ಅವಳ ಪಂಗಡ ಸೋತಿತು. ಆ ಪ್ರಶ್ನೆಯ ಉತ್ತರವನ್ನು ಅಂದು ರಾತ್ರಿಯೇ ಗ್ರಂಥಭಂಡಾರದಲ್ಲಿ ಹುಡುಕಿದ್ದಾಗಿಯೂ, ಅದು ಎರಡು ಸಾಲಿನ ಉತ್ತರವೆಂದೂ, ಮುಂದಿನ ಸ್ಪರ್ಧೆಗೆ ಹೆಸರು ಕೊಟ್ಟಿರುವುದಾಗಿಯೂ ಬರೆದು, ಕೊನೆಯಲ್ಲಿ “ಅಪ್ಪನಿಗೆ ನೀವೇ ಹೇಳಿ ಟೀಚರ್” ಎಂದು ಸೇರಿಸಿದ್ದಾಳೆ.